ಅಳಿಸಕ್ಕಾಗದ ಕಂಪ್ಯೂಟ್ರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗಾದೆ ಲಕ್ಷ್ಮೀಪತಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಮೂರನೇ ಕ್ಲಾಸಿನಲ್ಲಿ ಮೇಷ್ಟರು ಇದನ್ನೇ ಐವತ್ತು ಸಲ ಬರೆಸಿದ್ದರು. ಆದರೂ ಎರಡು ವರ್ಷದ ಹಿಂದೆ, ಹೊಸೂರಿನ ಹತ್ತಿರದ ತಳಿ ಎಂಬ ಊರಿನ ಗುಲಾಬಿ ಬೆಳೆಗಾರರ ಸಂಘದ ಸಭೆಯಲ್ಲಿ, ಎದುರಿಗೆ ಎಪ್ಪತ್ತು ಜನ ಕುಳಿತು ಕೇಳುತ್ತಿದ್ದಾರೆಂಬ ಹುಮ್ಮಸ್ಸಿನಲ್ಲಿ ಅವನೊಂದು ಮಾತು ಆಡಿಬಿಟ್ಟ.

"ಈ ಕಂಪ್ಯೂಟ್ರೊಳಕ್ಕೆ ಒಂದ್ಸಲ ಹೋದದ್ದನ್ನ ಬ್ರಹ್ಮ ಬಂದ್ರೂ ಅಳ್ಸಕ್ಕಾಗಲ್ಲ."

ಅವನು ಹೇಳಹೊರಟಿದ್ದು ಬ್ಲಾಕ್‌ಚೈನ್ ಸಂಗತಿ. ಸಂಘದ ಹೂವನ್ನು ಹೊರದೇಶಕ್ಕೆ ಕಳಿಸುವ ಕಂಪನಿಯವರು ಒಂದು ಹೊಸ ಏರ್ಪಾಟು ಮಾಡಿದ್ದರು. ತೋಟದಿಂದ ಹೊರಟ ಪ್ರತಿಯೊಂದು ಪೆಟ್ಟಿಗೆಗೂ ಅದು ಯಾರ ತೋಟದ್ದು, ಯಾವ ಸಾಲಿನದು, ಯಾವತ್ತು ಕೊಯ್ದದ್ದು ಎಂಬ ವಿವರವನ್ನು ಫೋಟೋ ಸಮೇತ ದಾಖಲು ಮಾಡಬೇಕು. ಒಂದು ದಾಖಲೆಯ ಬೆನ್ನಿಗೆ ಇನ್ನೊಂದು, ಸರಪಳಿಯ ಕೊಂಡಿಯ ಹಾಗೆ. ಸೇರಿಸಿದ ಮೇಲೆ ಯಾರೂ ತಿದ್ದುವಂತಿಲ್ಲ, ತೆಗೆಯುವಂತಿಲ್ಲ. ಇದರ ಪ್ರತಿ ಮೂರು ಕಡೆ ಮೂರು ಕಂಪ್ಯೂಟರುಗಳಲ್ಲಿ ಇರುತ್ತದೆ. ಒಂದರಲ್ಲಿ ಯಾರಾದರೂ ಕೈಯಾಡಿಸಿದರೆ ಮಿಕ್ಕ ಎರಡು ಹಿಡಿದುಹಾಕುತ್ತವೆ. ಇಂಥ ಒಂದೊಂದು ಕಂಪ್ಯೂಟರಿಗೂ ನೋಡ್ ಎಂದು ಹೆಸರು. ಒಂದು ಕಂಪನಿಯ ಆಫೀಸಿನಲ್ಲಿತ್ತು, ಒಂದು ಮತ್ತಿಗಿರಿಯ ರವಿಕುಮಾರನ ಮನೆಯಲ್ಲಿ, ಇನ್ನೊಂದು ತಳಿಯಲ್ಲಿ, ಹೊಸೂರಿನ ಫ್ಯಾಕ್ಟರಿಗೆ ಹೋಗಿಬಂದು ಮಾಡುವ ಲಕ್ಷ್ಮೀಪತಿಯ ನಡುಮನೆಯಲ್ಲಿ. ಕರೆಂಟು ಹೋದರೂ ನೋಡ್ ನಿಲ್ಲಬಾರದೆಂದು ಕಂಪನಿಯವರು ಜೊತೆಗೊಂದು ಇನ್ವರ್ಟರ್ ಕೊಟ್ಟರು. ಲಕ್ಷ್ಮೀಪತಿ ಅದಕ್ಕೇ ತನ್ನ ಫ್ಯಾನನ್ನೂ ತಗಲಿಸಿಕೊಂಡ.

ಊರಿನವರು ಅರ್ಥಮಾಡಿಕೊಂಡದ್ದು ಬೇರೆ. ಸರಪಳಿ, ಕೊಂಡಿ ಇತ್ಯಾದಿಗಳನ್ನು ಅಲ್ಲೇ ಬಿಟ್ಟು, ಅಳಿಸಕ್ಕಾಗದ ಕಂಪ್ಯೂಟರು ಒಂದು ಊರಿಗೆ ಬಂದಿದೆ ಎನ್ನುವುದನ್ನಷ್ಟೇ ಮನೆಗೆ ಒಯ್ದರು. ಮಾರನೆಯ ದಿನದಿಂದಲೇ ಪೆನ್‌ಡ್ರೈವ್ ಹಿಡಿದು ಬರತೊಡಗಿದರು. ಫೋನಿನಲ್ಲಿದ್ದರೆ ಹೋಗುತ್ತದೆ, ಸೀಡಿಯಲ್ಲಿದ್ದರೆ ಗೆರೆ ಬೀಳುತ್ತದೆ, ನಿನ್ನ ಹತ್ತಿರವಿದ್ದರೆ ಕಲ್ಲಿನಲ್ಲಿ ಕೊರೆದ ಹಾಗೆ, ಇಟ್ಟುಕೋ. ಅಳಿಸಲಾಗದ್ದು ಪೆಟ್ಟಿಗೆಯ ದಾಖಲೆ ಮಾತ್ರ, ಇಡೀ ಕಂಪ್ಯೂಟರಲ್ಲ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮೂವತ್ತೊಂಬತ್ತು ವರ್ಷ ಅವನನ್ನು ಯಾರೂ ಯಾವುದಕ್ಕೂ ಹುಡುಕಿಕೊಂಡು ಬಂದಿರಲಿಲ್ಲ. ಈಗ ಬರುತ್ತಿದ್ದರು, ಬಂದು ಫ್ಯಾನಿನ ಕೆಳಗೆ ಕೂರುತ್ತಿದ್ದರು, ರಾಗಿ ಯಾವಾಗ ಬಿತ್ತೋಣ ಎಂದು ಅವನನ್ನೇ ಕೇಳುತ್ತಿದ್ದರು. ಅವನಿಗೆ ಅದು ಬಹಳ ಹಿತವಾಗಿತ್ತು.

ಅವತ್ತು ಲಕ್ಷ್ಮೀಪತಿಗೆ ವಾರದ ರಜೆ. ಬೆಳಗ್ಗೆ ಎಂಟು ಗಂಟೆಗೆ ಕಾಫಿ ಲೋಟ ಹಿಡಿದು ಬಂದು ನೋಡಿದರೆ ಪರದೆಯ ತುಂಬ ಕೆಂಪು. ಡಿಸ್ಕಿನಲ್ಲಿ ಜಾಗವಿಲ್ಲ, ನೋಡ್ ನಿಂತಿದೆ. ನಿಂತು ಎರಡು ದಿನವಾಗಿತ್ತು. ಓವರ್‌ಟೈಮಿನ ಗಲಾಟೆಯಲ್ಲಿ ಅವನು ಅತ್ತ ತಲೆ ಹಾಕಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಸಂಘದ ಅಧ್ಯಕ್ಷ ವೆಂಕಟರಮಣಪ್ಪ.

"ಲಕ್ಷ್ಮೀಪತಿ, ಇವತ್ತು ನಾಕು ಗಂಟೆಗೆ ಕಂಪ್ನಿಯಿಂದ ವನಿತಾ ಮೇಡಮ್ ಬತ್ತಾವ್ರೆ. ನೋಡು ಓಡ್ತಾ ಇರ್ಬೇಕಂತೆ, ಒಂದು ಪೆಟ್ಗೇನೂ ಹಿಂದೆ ಬಿದ್ದಿರ್ಬಾರ್ದಂತೆ. ಬಿದ್ದಿದ್ರೆ ಎತ್ಕೊಂಡೋಗಿ ಮತ್ತಿಗಿರಿ ರವಿಕುಮಾರನ ಮನೇಲಿ ಇಡ್ತಾರಂತೆ, ಇನ್ವರ್ಟರ್ ಸಮೇತ."

"ಓಡ್ತಾ ಐತೆ ಮಾವ."

"ದಿಟವಾ?"

"ಕುದ್ರೆ ಓಡ್ದಂಗೆ ಓಡ್ತೈತೆ."

ನಾಲ್ಕು ಕಾಲೂ ಮಡಚಿ ಕೂತಿದ್ದ ಆ ಕುದುರೆಯನ್ನು ಲಕ್ಷ್ಮೀಪತಿ ಸ್ವಲ್ಪ ಹೊತ್ತು ನೋಡಿದ. ಇದು ಹೋದರೆ ಫ್ಯಾನು ಹೋಗುತ್ತದೆ, ಫ್ಯಾನು ಹೋದರೆ ಜನ ಹೋಗುತ್ತಾರೆ, ಜನ ಹೋದರೆ ತಾನು ಮತ್ತೆ ಹಳೆಯ ಲಕ್ಷ್ಮೀಪತಿ. ಅದೂ ರವಿಕುಮಾರನ ಪಾಲಿಗೆ ಹೋಗುವುದೆಂದರೆ ಆಗದ ಮಾತು.

ಡಿಸ್ಕು ಒಂದು ಟೆರಾಬೈಟಿನದು, ಲೆಕ್ಕಕ್ಕೆ ಸಿಗುವುದು ಒಂಬೈನೂರ ಮೂವತ್ತೊಂದು ಜಿಬಿ. ಗುಲಾಬಿಯ ದಾಖಲೆ ಆರುನೂರ ಹನ್ನೆರಡು. ಪಕ್ಕದ ಮನೆಯ ನಾಗಲಕ್ಷ್ಮಿಯ ಮಗಳ ಮದುವೆ ವಿಡಿಯೋ ನೂರ ಮೂವತ್ತೆಂಟು. ದೊಡ್ಡವೆಂಕಟಪ್ಪನ ತೋಟದ ಕ್ಯಾಮೆರಾದ್ದು ನೂರ ಮೂವತ್ತೊಂದು. ಮಿಕ್ಕದ್ದು ಊರಿನವರ ನಾಮಕರಣ, ಗೃಹಪ್ರವೇಶ, ಹೋರಿ ಕೊಂಡ ದಿನ, ಹೋರಿ ಮಾರಿದ ದಿನ.

ಹೂ ವಿಂಗಡಿಸುವ ಶೆಡ್ಡಿಗೆ ಹೊರಟಿದ್ದ ಹೆಂಡತಿ ಚಂದ್ರಲೇಖಾ ಹಿಂದಿನಿಂದ ಇಣುಕಿ ನೋಡಿದಳು. ಪೆಟ್ಟಿಗೆಗಳ ಫೋಟೋ ತೆಗೆದು ದಾಖಲೆಗೆ ಕಳಿಸುವ ಕೆಲಸ ಅವಳದೇ.

"ಊರೋರದ್ದೆಲ್ಲಾ ಐತೆ. ನಮ್ದೊಂದು ಐತಾ ಅದ್ರಲ್ಲಿ?"

"ನಮ್ದೇನೈತೆ ಇಡಕ್ಕೆ?"

"ಅದೇ ನಾನೂ ಹೇಳಾದು. ಮದ್ವೇಲಿ ವಿಡಿಯೋ ತಗ್ಸಿ ಅಂದ್ರೆ ನಿಮ್ಮಪ್ಪ ಫೋಟೋ ಸಾಕು ಅಂದ್ರು. ಆ ಫೋಟೋನೂ ಗೆದ್ದಲು ತಿಂತು." ಅವಳು ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಇದು ಹದಿನಾಲ್ಕು ವರ್ಷದ ಹಳೆಯ ತಕರಾರು. ಲಕ್ಷ್ಮೀಪತಿ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಫೋನು ಕೈಗೆತ್ತಿಕೊಂಡ.

ಹೊಸೂರಿನ ಕಂಪ್ಯೂಟರ್ ಅಂಗಡಿಗೆ ಫೋನು ಮಾಡಿದ. ದೊಡ್ಡ ಡಿಸ್ಕು ಇದೆಯಾ? "ಸ್ಟಾಕ್ ಇಲ್ಲ ಸಾರ್, ನಾಳೈಕ್ಕು ದಾನ್ ವರುಂ," ಎಂದರು. ನಾಳೆ ಬರುವ ಡಿಸ್ಕು ಇವತ್ತಿನ ನಾಲ್ಕು ಗಂಟೆಗೆ ಏನು ಉಪಯೋಗ? ಬೇರೆ ದಾರಿ ಕಾಣದೆ, ಮಾನ ಬಿಟ್ಟು ರವಿಕುಮಾರನಿಗೇ ಫೋನು ಹಚ್ಚಿದ.

"ಕವಾತು ಮಾಡಣ್ಣ," ಎಂದ ರವಿಕುಮಾರ. "ಗುಲಾಬಿ ಗಿಡಕ್ಕೆ ಮಾಡಲ್ವಾ, ಹಂಗೆ. ಆರು ತಿಂಗ್ಳಿಗಿಂತ ಹಳೇದನ್ನೆಲ್ಲಾ ಕತ್ರಿಸಿ ಬಿಸಾಕ್ತೈತೆ, ಅದಕ್ಕೆ ಒಂದು ಬಟನ್ನೈತೆ. ನಂದು ನೋಡು, ಬರೀ ನೂರೈವತ್ತು ಜಿಬಿ. ಹೂವಿನಂಗೈತೆ."

"ನಂದಕ್ಕೆ ಮಾಡಂಗಿಲ್ವಲ್ಲಪ್ಪ."

"ಓ, ಹೌದಲ್ಲ. ಮೊದಲ್ನೇ ಪೆಟ್ಗೆಯಿಂದ ಎಲ್ಲಾನೂ ಇಟ್ಕಳಾ ದೊಡ್ಡ ನೋಡು ನಮ್ಮನೇಲೇ ಇರ್ಬೇಕು ಅಂತ ಅವತ್ತು ಸಭೇಲಿ ಪಟ್ಟು ಹಿಡ್ದಿದ್ದು ನೀನೇ ಅಲ್ವಾ ಅಣ್ಣ?"

ಲಕ್ಷ್ಮೀಪತಿ ಫೋನು ಇಟ್ಟ. ಮೂರರಲ್ಲಿ ಒಂದು ನೋಡ್ ಏನನ್ನೂ ಕತ್ತರಿಸದೆ ಹುಟ್ಟಿದಾಗಿನಿಂದ ಎಲ್ಲವನ್ನೂ ಕಾಪಾಡಬೇಕೆಂಬುದು ಕಂಪನಿಯ ಕಟ್ಟಳೆ. ಆ ಭಾರವನ್ನು ಬೇಡಿ ಪಡೆದುಕೊಂಡವನು ಅವನೇ. ಹಾಗಾಗಿ ಕತ್ತರಿಸುವುದಿದ್ದರೆ ಊರಿನವರದ್ದನ್ನೇ ಕತ್ತರಿಸಬೇಕು. ಹೇಳದೆ ಅಳಿಸುವುದು ಸರಿಯಲ್ಲವೆಂದು, ಮೊದಲು ನಾಗಲಕ್ಷ್ಮಿಯ ಮನೆಗೆ ಹೋದ.

"ಅಕ್ಕ, ಮದ್ವೆ ವಿಡಿಯೋ ಮೂರು ಕ್ಯಾಮೆರಾದಾಗೆ ತಗ್ದವ್ರೆ. ಮೂರ್ರಲ್ಲೂ ಅದೇ ಮದ್ವೆ. ಒಂದು ಇಟ್ಕೊಂಡು ಎರಡು..."

"ಅದೇ ಮದ್ವೆ ಎಲ್ಲೈತೆ?" ನಾಗಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದಳು. "ಒಂದ್ರಲ್ಲಿ ನಮ್ಮ ಕಡೆಯೋರು, ಒಂದ್ರಲ್ಲಿ ಗಂಡಿನ ಕಡೆಯೋರು. ಇನ್ನೊಂದು ಊಟದ ಮನೇದು. ಗಂಡಿನ ದೊಡ್ಡಮ್ಮ ನಂಗೆ ಪಾಯಸ ಬಡಿಸ್ಲಿಲ್ಲ ಅಂದವ್ಳೆ. ಮೂರ್ಸಲ ಬಡ್ಸೀವಿ, ಅದ್ರಾಗೈತೆ ಸಾಕ್ಷಿ. ಅಳ್ಸಕ್ಕಾಗಲ್ಲ ಅಂದಿದ್ದಕ್ಕಲ್ವಾ ನಿನ್ತಾವ ಕೊಟ್ಟಿದ್ದು? ಈಗ ಯಾಕೆ ಕೇಳ್ತಿದೀಯಾ? ಹೋಗ್ಬುಡ್ತಾ?"

"ಇಲ್ಲಕ್ಕ, ಐತೆ."

"ತೋರ್ಸು ನಡಿ."

ತೋರಿಸಬೇಕಾಯಿತು. ಫ್ಯಾನು ತಿರುಗುತ್ತಿರುವುದನ್ನು ಕಂಡು ಬೀದಿಯ ಇನ್ನೂ ಐದಾರು ಹೆಂಗಸರು ಬಂದು ಕೂತರು. ಮುಹೂರ್ತ ಮುಗಿದು ಊಟದ ಮನೆ ಬರುವಷ್ಟರಲ್ಲಿ ಹತ್ತೂವರೆ. ಪಾಯಸ ನಿಜಕ್ಕೂ ಮೂರು ಸಲ ಬಡಿಸಿದ್ದರು. ಎದ್ದು ಹೋಗುವಾಗ ನಾಗಲಕ್ಷ್ಮಿ, ಮಗಳ ಸೀಮಂತದ್ದೂ ನಾಲ್ಕು ಪೆನ್‌ಡ್ರೈವ್ ಇವೆ, ಸಂಜೆ ಕಳಿಸುತ್ತೇನೆ ಎಂದಳು.

ಉಳಿದವನು ದೊಡ್ಡವೆಂಕಟಪ್ಪ. ಎಂಬತ್ತು ವರ್ಷದ ಮುದುಕ, ಬೆಳಗಾದರೆ ತೋಟದ ಪಂಪುಮನೆ ಬಿಟ್ಟು ಕದಲುವುದಿಲ್ಲ. ರಸ್ತೆಯಲ್ಲಿ ಸುತ್ತಿ ಹೋದರೆ ಎರಡು ಮೈಲಿ. ಲಕ್ಷ್ಮೀಪತಿ ಬೈಕನ್ನು ರಾಗಿ ಹೊಲದ ಬದುವಿನ ಮೇಲೆ ಹತ್ತಿಸಿದ. ಮುಂಚಿನ ದಿನ ಮಳೆಯಾಗಿತ್ತು. ಬದುವಿನ ತುದಿಯಲ್ಲಿ ಮುಂದಿನ ಚಕ್ರ ಹುಲ್ಲಿನೊಳಗಿದ್ದ ಒಂದು ಕಲ್ಲಿಗೆ ತಗಲಿ, ಬೈಕು ಒಂದು ಕಡೆ, ಅವನು ಒಂದು ಕಡೆ, ಕಲ್ಲು ಒಂದು ಕಡೆ ಬಿದ್ದವು. ಅಂಗಿಯೆಲ್ಲ ಕೆಸರಾಯಿತು. ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದ, ಯಾರೂ ಇರಲಿಲ್ಲ. ಬೈಕು ಎತ್ತಿ ನಿಲ್ಲಿಸಿದ ಮೇಲೆ, ತನ್ನ ಹಾಗೆ ಇನ್ನೊಬ್ಬರು ಬೀಳುವುದು ಬೇಡವೆಂದು ಆ ಕಲ್ಲನ್ನು ದಾರಿಯಿಂದ ಎರಡು ಮಾರು ಆಚೆಗೆ ಉರುಳಿಸಿ, ನೆಟ್ಟಗೆ ನಿಲ್ಲಿಸಿ ಮುಂದೆ ಹೋದ. ಒಳ್ಳೆಯ ಕೆಲಸ ಮಾಡಲು ಹೊತ್ತುಗೊತ್ತು ನೋಡುವ ಜಾತಿಯಲ್ಲ ಅವನು.

"ಏನ್ಲಾ ಇದು, ಎಮ್ಮೆ ಥರ ಕೆಸರಲ್ಲಿ ಹೊಳ್ಳಾಡ್ಕೊಂಡು ಬಂದಿದೀಯಾ?" ಎಂದ ದೊಡ್ಡವೆಂಕಟಪ್ಪ.

"ಜಾರ್ದೆ ತಾತ. ನಿಮ್ಮ ಕ್ಯಾಮೆರಾದ್ದು ಒಂದು ಮಾತಿತ್ತು. ಒಂಬತ್ತು ತಿಂಗ್ಳಿಂದ ವಾರವಾರ ಕಾರ್ಡು ತಂದು ತುಂಬಿಸ್ತಾ ಇದೀರಲ್ಲ, ಅದ್ರಾಗೆ ಏನೈತೆ ತಾತ?"

"ಕಲ್ಲೈತೆ."

"ಕಲ್ಲಾ?"

"ಗಡಿ ಕಲ್ಲು ಕಣ್ಲಾ. ನಂಗೂ ನನ್ನ ತಮ್ಮ ವೆಂಕಟೇಶಪ್ಪಂಗೂ ಪಾಲಾದಾಗ ಪಂಚಾಯ್ತಿಯೋರು ನೆಟ್ಟಿದ್ದು. ಅವ್ನು ರಾಗಿ ಹಾಕ್ತಾನೆ, ನಾನು ಗುಲಾಬಿ ಹಾಕ್ತೀನಿ, ನಡುವೆ ಕಲ್ಲು. ಅವ್ನು ಅದನ್ನ ಸರಿಸ್ತಾನೆ ಅಂತ ಮೂವತ್ತು ವರ್ಸದಿಂದ ನಂಗೆ ಅನುಮಾನ. ಅದಕ್ಕೇ ಬೇವಿನ ಮರಕ್ಕೆ ಕ್ಯಾಮೆರಾ ಕಟ್ಸೀನಿ."

"ಸರಿಸಿದ್ನಾ?"

"ಇನ್ನೂ ಇಲ್ಲ."

ಲಕ್ಷ್ಮೀಪತಿ ಒಳಗೊಳಗೇ ಲೆಕ್ಕ ಹಾಕಿದ. ಅಲುಗದ ಕಲ್ಲಿನ ವಿಡಿಯೋ ನೂರ ಮೂವತ್ತೊಂದು ಜಿಬಿ. ಮೂವತ್ತು ವರ್ಷ ಜಗಳಕ್ಕೆ ತಡೆದ ಕಲ್ಲು ಎಂದರೆ ಆಳೆತ್ತರವಾದರೂ ಇರಬೇಕು ಎಂದು ಅವನ ಮನಸ್ಸಿಗೆ ಬಂತು.

"ತಾತ, ಒಂದು ದಿನದ್ದು ಇಟ್ಕಂಡ್ರೆ ಸಾಲ್ದಾ? ಎಲ್ಲಾ ದಿನಾನೂ ಅದೇ ಕಲ್ಲು, ಅದೇ ಜಾಗ."

"ಮಿಕ್ಕಿದ್ದ ದಿನ ಕಲ್ಲು ಹೋಗಿ ಬಂದಿರ್ಬೋದಲ್ಲ? ಒಂದು ದಿನಾನೂ ಅಳಿಸ್ಬಾರ್ದು. ಅಂದಂಗೆ ಅಳ್ಸಕ್ಕೇ ಆಗಲ್ವಲ್ಲ ಅದು?"

"ಆಗಲ್ಲ ತಾತ."

ಮುದುಕ ಪಾಲಿನ ಕಥೆಯನ್ನೆಲ್ಲ ಮೊದಲಿಂದ ಹೇಳಿ ಮುಗಿಸಿದ ಮೇಲೆ, ರಸ್ತೆಯಲ್ಲೇ ಸುತ್ತಿ ಮನೆಗೆ ಬಂದ. ಗಂಟೆ ಒಂದಾಗಿತ್ತು. ನೋಡ್ ಹಿಂದೆ ಬಿದ್ದಿರುವ ಎರಡು ದಿನದ ದಾಖಲೆಗಳನ್ನೆಲ್ಲ ಎಳೆದುಕೊಳ್ಳಲು ಎರಡೂವರೆ ಗಂಟೆಯಾದರೂ ಬೇಕು. ನಾಗಲಕ್ಷ್ಮಿಯದ್ದು ಮುಟ್ಟಿದರೆ ಪಕ್ಕದ ಮನೆಯಲ್ಲಿ ಬದುಕುವುದು ಕಷ್ಟ. ಆದರೆ ಕಲ್ಲು? ನಿಂತ ಕಲ್ಲು ನಿಂತಲ್ಲೇ ಇದೆ. ನೋಡಬೇಕೆನಿಸಿದರೆ ಎದ್ದು ಹೋಗಿ ನೋಡಬಹುದು. ಕುಲದೇವರಿಗೆ ಮನಸ್ಸಿನಲ್ಲೇ ಕೈಮುಗಿದು, ದೊಡ್ಡವೆಂಕಟಪ್ಪನ ಒಂಬತ್ತು ತಿಂಗಳನ್ನು ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಫೋಲ್ಡರಿನ ಹೆಸರನ್ನು ಮಾತ್ರ ಮರ್ಯಾದೆಗೆಂದು ಉಳಿಸಿದ.

ಬ್ರಹ್ಮ ಬರಬೇಕಾದ ಕೆಲಸ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ನೋಡ್ ಎದ್ದು ಕೂತಿತು. ಹಿಂದುಳಿದ ಪೆಟ್ಟಿಗೆಗಳು ಸಾವಿರದ ನಾನೂರು, ಸಾವಿರದ ಇನ್ನೂರು, ಒಂಬೈನೂರು ಎಂದು ಇಳಿಯುತ್ತ ಬಂದವು. ಲಕ್ಷ್ಮೀಪತಿ ಊಟ ಬಿಟ್ಟು ಅದನ್ನೇ ನೋಡುತ್ತ ಕೂತ. ಮೂರು ಐವತ್ತೆರಡಕ್ಕೆ ಕೊನೆಯ ಪೆಟ್ಟಿಗೆ ಬಂದು ಸೇರಿ ಪರದೆ ಹಸಿರಾಯಿತು. ನಾಲ್ಕಕ್ಕೆ ಸರಿಯಾಗಿ ಬಾಗಿಲಲ್ಲಿ ಜೀಪು ನಿಂತಿತು.

ವನಿತಾ ಮೇಡಮ್ ಆಲಸನತ್ತಂ ಕಡೆಯ ಹೆಣ್ಣುಮಗಳು, ಮಾತು ಕಡಿಮೆ, ಕನ್ನಡದ ನಡುವೆ ತಮಿಳು ನುಸುಳುತ್ತಿತ್ತು. ಅಧ್ಯಕ್ಷ ವೆಂಕಟರಮಣಪ್ಪ ಜೊತೆಗೇ ಬಂದಿದ್ದ. ಶೆಡ್ಡಿನಿಂದ ಚಂದ್ರಲೇಖಾ ಬಂದು ಕಾಫಿ ಕೊಟ್ಟಳು. ಮೇಡಮ್ ಮೊದಲ ಪೆಟ್ಟಿಗೆಯನ್ನು ತೆರೆದು ನೋಡಿದರು, ನಡುವಿನದೊಂದನ್ನು ನೋಡಿದರು, ಅವತ್ತು ಬೆಳಗಿನದನ್ನೂ ನೋಡಿದರು.

"ಪರವಾಯಿಲ್ಲೈ ಸಾರ್, ನೀಟಾಗಿ ಇಟ್ಕೊಂಡಿದೀರಿ. ನೋಡ್ ಇಲ್ಲೇ ಇರ್ಲಿ. ಇನ್ನು ಅಲ್ಲಿಗೆ ಇಲ್ಲಿಗೆ ಬದಲಾಯಿಸೋ ಮಾತೇ ಇಲ್ಲ."

ವೆಂಕಟರಮಣಪ್ಪ ಲಕ್ಷ್ಮೀಪತಿಯ ಬೆನ್ನು ತಟ್ಟಿದ. ಜನ್ಮದಲ್ಲಿ ಮೊದಲ ಸಲ ಒಂದು ಕೆಲಸವನ್ನು ಪೂರ್ತಿ ಮಾಡಿದೆನೆಂದು ಲಕ್ಷ್ಮೀಪತಿಗೆ ಕಣ್ಣು ತುಂಬಿ ಬಂತು.

ಆಗ ಬೀದಿಯಲ್ಲಿ ಗಲಾಟೆ ಕೇಳಿಸಿತು. ದೊಡ್ಡವೆಂಕಟಪ್ಪ ಕೋಲು ಊರಿಕೊಂಡು ಬರುತ್ತಿದ್ದ. ಹಿಂದೆ ಅವನ ತಮ್ಮ ವೆಂಕಟೇಶಪ್ಪ, ಅವರ ಹಿಂದೆ ಅರ್ಧ ಊರು.

"ಸರಿಸ್ಬುಟ್ಟ ಕಣ್ಲಾ," ಎಂದ ದೊಡ್ಡವೆಂಕಟಪ್ಪ. ಮೂವತ್ತು ವರ್ಷ ಕಾದದ್ದು ಕೈಗೆ ಸಿಕ್ಕವನ ಹಾಗೆ ಅವನ ಮುಖದಲ್ಲಿ ಕಳೆ ಬಂದಿತ್ತು. "ಕಲ್ಲು ಎರಡು ಮಾರು ನನ್ನ ತೋಟದೊಳಕ್ಕೆ ಬಂದೈತೆ. ಒಂದು ಸಾಲು ಗುಲಾಬಿ ಇವ್ನ ಕಡೀಕೆ ಹೋಗೈತೆ."

"ನಾನು ಮುಟ್ಟಿಲ್ಲ," ಎಂದ ವೆಂಕಟೇಶಪ್ಪ. "ನಮ್ಮವ್ವನಾಣೆಗೂ ಮುಟ್ಟಿಲ್ಲ. ಕಲ್ಲು ಯಾವಾಗ್ಲೂ ಅಲ್ಲೇ ಇತ್ತು."

"ಯಾವಾಗ್ಲೂ ಎಲ್ಲಿತ್ತು ಅಂತ ಈ ಕಂಪ್ಯೂಟ್ರೇ ಹೇಳ್ತೈತೆ. ಹಾಕ್ಲಾ, ಒಂಬತ್ತು ತಿಂಗ್ಳಿಂದೂ ಹಾಕು."

ಲಕ್ಷ್ಮೀಪತಿಯ ಕಣ್ಣೆದುರು ಖಾಲಿ ಫೋಲ್ಡರು, ಪಕ್ಕದಲ್ಲಿ ಮೇಡಮ್. ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದವನ ಕಣ್ಣಿಗೆ ಮುದುಕನ ಕೈಯಲ್ಲಿದ್ದ ಕ್ಯಾಮೆರಾದ ಕಾರ್ಡು ಬಿತ್ತು. ಹೋದ ಜೀವ ಬಂದ ಹಾಗಾಯಿತು.

"ಹಳೇದೆಲ್ಲಾ ಯಾಕೆ ತಾತ?" ಎಂದ ಜೋರಾಗಿ, ಎಲ್ಲರಿಗೂ ಕೇಳುವಂತೆ. "ಕಲ್ಲು ಸರಿದಿರಾದು ಇವತ್ತು. ಇವತ್ತಿಂದು ಆ ಕಾರ್ಡಲ್ಲೇ ಐತೆ. ಯಾರು ಸರಿಸಿದ್ರು ಅಂತ ಮುಖ ಸಮೇತ ಕಾಣ್ತೈತೆ. ಕೊಡಿ ಇಲ್ಲಿ."

"ನ್ಯಾಯವಾದ ಮಾತು," ಎಂದ ವೆಂಕಟರಮಣಪ್ಪ. ಜನ ಒಳಗೆ ನುಗ್ಗಿ ಫ್ಯಾನಿನ ಕೆಳಗೆ ಜಾಗ ಹಿಡಿದರು. ನಾಗಲಕ್ಷ್ಮಿ ಮುಂದುಗಡೆ ಕೂತಳು. ಲಕ್ಷ್ಮೀಪತಿ ಕಾರ್ಡು ಹಾಕಿ, ಇವತ್ತಿನ ಬೆಳಗ್ಗೆಯಿಂದ ಓಡಿಸಿದ.

ಪರದೆಯ ಮೇಲೆ ಒಂದು ಬದು, ಆಚೆ ರಾಗಿ, ಈಚೆ ಗುಲಾಬಿ, ಹುಲ್ಲಿನ ನಡುವೆ ಮೊಳದುದ್ದದ ಒಂದು ಕಲ್ಲು. ಅದು ಆಳೆತ್ತರವಿರಲಿಲ್ಲ. ಲಕ್ಷ್ಮೀಪತಿಗೆ ಆ ಜಾಗವನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಎಲ್ಲಿ ಎಂದು ಹೊಳೆಯುವಷ್ಟರಲ್ಲಿ, ಹತ್ತು ಗಂಟೆ ಐವತ್ತು ನಿಮಿಷಕ್ಕೆ, ಪರದೆಯ ಮೂಲೆಯಿಂದ ಒಂದು ಬೈಕು ಬಂತು.

ಬೈಕು ಬಿತ್ತು. ಸವಾರ ಎದ್ದ. ಕಳ್ಳನ ಹಾಗೆ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಬಗ್ಗಿ, ಕಲ್ಲನ್ನು ಗುಲಾಬಿ ತೋಟದೊಳಕ್ಕೆ ಒಂದೊಂದೇ ಉರುಳು ಉರುಳಿಸಿಕೊಂಡು ಹೋಗಿ, ನೆಟ್ಟಗೆ ನಿಲ್ಲಿಸಿ, ಅಲ್ಲಾಡುತ್ತದೋ ಎಂದು ಅದುಮಿ ನೋಡಿ, ಕೈ ಕೊಡವಿಕೊಂಡ. ಹೊರಡುವ ಮುಂಚೆ ಅದರ ತಲೆಯನ್ನು ಒಂದು ಸಲ ತಟ್ಟಿದ ಕೂಡ.

"ಅದು ನೀನೇ ಅಲ್ವೇನ್ಲಾ?" ಎಂದ ದೊಡ್ಡವೆಂಕಟಪ್ಪ.

"ದಾರೀಲಿತ್ತು ತಾತ. ಯಾರಾನ ಬಿದ್ದಾರು ಅಂತ..."

"ನಿಂಗೆ ಇವ್ನು ಹೇಳ್ಕೊಟ್ನಾ? ಇಷ್ಟು ದಿನವೂ ನೀನೇ ಸರಿಸ್ತಿದ್ಯಾ? ಹಳೇದನ್ನ ಹಾಕು, ನೋಡೇಬುಡಾನ."

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಫೋಲ್ಡರು ತೆರೆಯಿತು. ಒಳಗೆ ಏನೂ ಇರಲಿಲ್ಲ.

"ಬ್ರಹ್ಮ ಬಂದ್ರೂ ಅಳ್ಸಕ್ಕಾಗಲ್ಲ ಅಂದಿದ್ದೆ," ಎಂದಳು ನಾಗಲಕ್ಷ್ಮಿ ಮೆಲ್ಲಗೆ.

"ಬ್ರಹ್ಮ ಬರ್ಲಿಲ್ಲಕ್ಕ," ಎಂದ ಲಕ್ಷ್ಮೀಪತಿ.

ಮುಂದಿನ ಅರ್ಧ ಗಂಟೆಯ ಮಾತುಗಳನ್ನು ಇಲ್ಲಿ ಬರೆಯುವುದು ಚೆನ್ನಲ್ಲ. ಕೊನೆಗೆ ಅಧ್ಯಕ್ಷ ವೆಂಕಟರಮಣಪ್ಪ ಅಲ್ಲೇ ಪಂಚಾಯ್ತಿ ಮುಗಿಸಿದ. ಕಲ್ಲನ್ನು ಲಕ್ಷ್ಮೀಪತಿಯೇ ಹೊತ್ತು ತಂದು ವಿಡಿಯೋದಲ್ಲಿ ಕಂಡ ಜಾಗದಲ್ಲೇ ನೆಡಬೇಕು. ಇನ್ನು ಮೇಲೆ ಕಲ್ಲಿಗೆ ಅಣ್ಣನದೊಂದು, ತಮ್ಮನದೊಂದು, ಎರಡು ಕ್ಯಾಮೆರಾ. ಎರಡರ ರೆಕಾರ್ಡೂ ಲಕ್ಷ್ಮೀಪತಿಯ ಹತ್ತಿರವೇ ಇರಬೇಕು, ಅದಕ್ಕೆ ಬೇಕಾದ ಡಿಸ್ಕು ಅವನೇ ತರಬೇಕು.

ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಅಲ್ಲಿಯವರೆಗೆ ಸುಮ್ಮನಿದ್ದ ವನಿತಾ ಮೇಡಮ್ ಬಾಯಿ ತೆರೆದರು.

"ಆ ಸಾಲಿನ ಹೂವು ಇವತ್ತೇನಾದ್ರೂ ಕೊಯ್ದಿದಾರಾ?"

ಕೊಯ್ದಿದ್ದರು. ಮಧ್ಯಾಹ್ನ ಎರಡು ಪೆಟ್ಟಿಗೆ ಹೋಗಿತ್ತು. ಕಲ್ಲು ಸರಿದದ್ದು ಆಗಲೇ ಕಣ್ಣಿಗೆ ಬಿದ್ದದ್ದು.

"ಹಂಗಾದ್ರೆ ಅದು ಯಾರ ತೋಟದ್ದು ಅಂತ ನಾಳೆ ಪ್ರಶ್ನೆ ಬರತ್ತೆ. ಗಡಿ ಹೆಂಗೆ ಸರೀತು, ಯಾರು ಸರಿಸಿದ್ರು, ಸಾಕ್ಷಿ ಸಮೇತ ಆ ಪೆಟ್ಟಿಗೆಯ ದಾಖಲೆಯ ಬೆನ್ನಿಗೆ ಸೇರಿಸಬೇಕು. ಅದು ರೂಲ್ಸ್. ವಿಡಿಯೋ ಸಣ್ಣದೇ ಇದೆ, ಜಾಗ ಜಾಸ್ತಿ ಹಿಡಿಯಲ್ಲ."

"ಮೇಡಮ್, ಸೇರ್ಸಿದ್ರೆ ಮತ್ತೆ ತೆಗಿಯಕ್ಕಾಗಲ್ವಲ್ಲ?" ಲಕ್ಷ್ಮೀಪತಿಯ ದನಿ ಸಣ್ಣಗಾಗಿತ್ತು.

"ಆಗಲ್ಲ ಸಾರ್. ಅದನ್ನ ನೀವೇ ಎಲ್ಲಾರಿಗೂ ಹೇಳಿದೀರಂತೆ."

ಪೆಟ್ಟಿಗೆಯ ದಾಖಲೆ ಸೇರಿಸುವುದು ಚಂದ್ರಲೇಖಾಳ ಕೆಲಸ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಗಂಡನ ಕುರ್ಚಿಯಲ್ಲಿ ಕೂತು, ಬೈಕು ಬೀಳುವಲ್ಲಿಂದ ತಲೆ ತಟ್ಟುವವರೆಗಿನ ಭಾಗವನ್ನು ಅಚ್ಚುಕಟ್ಟಾಗಿ ಕತ್ತರಿಸಿ ಕಳಿಸಿದಳು. ಎರಡು ನಿಮಿಷಕ್ಕೆ ಮತ್ತಿಗಿರಿಯಿಂದ ರವಿಕುಮಾರನ ಫೋನು ಬಂತು.

"ಅಣ್ಣ, ಈಗ ತಾನೇ ನನ್ನ ನೋಡಿಗೂ ಬಂತು, ನೋಡ್ದೆ. ಚೆನ್ನಾಗೈತೆ. ನಾನಾದ್ರೆ ಆರು ತಿಂಗ್ಳಿಗೆ ಕವಾತು ಮಾಡ್ಬುಡ್ತೀನಿ, ನನ್ನ ಕಡೆಯಿಂದ ಹೋಗ್ತೈತೆ. ಆದ್ರೆ ನಿಂದು ಎಲ್ಲಾನೂ ಇಟ್ಕಳಾ ನೋಡಲ್ವಾ?"

ಜನ ಕರಗಿದರು, ಜೀಪು ಹೋಯಿತು. ನಾಗಲಕ್ಷ್ಮಿಯ ಮನೆಯಿಂದ ಸೀಮಂತದ ನಾಲ್ಕು ಪೆನ್‌ಡ್ರೈವ್ ಬಂದವು. ಲಕ್ಷ್ಮೀಪತಿ ಫ್ಯಾನಿನ ಕೆಳಗೆ ಒಬ್ಬನೇ ಕೂತಿದ್ದ. ಚಂದ್ರಲೇಖಾ ಆ ತುಣುಕನ್ನು ಇನ್ನೊಂದು ಸಲ ಹಾಕಿಕೊಂಡು ಕೊನೆಯವರೆಗೂ ನೋಡಿದಳು.

"ಮದ್ವೇದಿಲ್ದಿದ್ರೆ ಹೋಗ್ಲಿ ಬಿಡಿ," ಎಂದಳು. "ನಮ್ಮನೇದು ಅಂತ ಇದೊಂದು ಆಯ್ತಲ್ಲ. ಗೆದ್ದಲೂ ತಿನ್ನಲ್ಲ."